ಜಂಕ್ಷನ್ ಬಾವಿಯ ಹಳದಿ ನೀರು

ಒಂದೇ ದಾರಿ ಹಾದುಹೋಗುವ ಸ್ಟೇಷನ್ನನ್ನು ಊರೆಲ್ಲ ಜಂಕ್ಷನ್ ಎಂದು ಕರೆದರೆ ಯಾರಿಗಾದರೂ ತಲೆ ಕೆರೆದುಕೊಳ್ಳುವ ಹಾಗಾಗುತ್ತದೆ. ಮಿರಜ ಕಡೆಯಿಂದ ಬರುವ ರೈಲು ಕಾಗವಾಡದ ಸೀಮೆ ದಾಟಿ ರಾಯಬಾಗದ ಕಡೆಗೆ ಹೋಗುವಾಗ ಅಂಥದೊಂದು ಸಣ್ಣ ಸ್ಟೇಷನ್ ಸಿಗುತ್ತದೆ. ಹೆಸರು ಬೇಡ. ಬೋರ್ಡಿನ ಮೇಲೆ ಜಂಕ್ಷನ್ ಎಂಬ ಮಾತೇ ಇಲ್ಲ. ಆದರೂ ಸುತ್ತಲಿನವರು ಸಂತೆಗೆ ಹೊರಟರೂ, ಬೀಗರನ್ನು ಕರೆತರಲು ಹೊರಟರೂ ‘ಜಂಕ್ಷನ್ನಿಗೆ ಹೋಗಿ ಬರತೇನಿ’ ಎನ್ನುತ್ತಾರೆ. ಹಳೆಯ ಪಂಪ್ ಮನೆಯ ಹಿಂದೆ ಇರುವ ಹತ್ತಾರು ಮನೆಗಳಿಗೂ ಜಂಕ್ಷನ್ ವಸ್ತಿ ಎಂದೇ ಹೆಸರು. ಯಾಕೆ ಎಂದು ಕೇಳಿದರೆ, ‘ಮದ್ಲಿಂದ ಹಂಗ ಅಂತಾರ್ರಿ’. ಈ ಉತ್ತರ ಕೇಳಿ ಸುಮ್ಮನಾಗುವ ಸ್ವಭಾವ ನನ್ನದಲ್ಲ. ನಮ್ಮವ್ವ ನನ್ನನ್ನು ‘ಹೋಳಿಗಿ ತಿನ್ನೂದ ಬಿಟ್ಟ ಹೂರಣ ಬಿಚ್ಚಿ ನೋಡಾಕಿ’ ಎಂದು ಬೈಯುತ್ತಿದ್ದಳು.

ನಾನು ಚಿಕ್ಕೋಡಿಯವಳು. ಸರ್ವೇ ಕೆಲಸ ಮಾಡುತ್ತೇನೆ. ಆ ಸ್ಟೇಷನ್ನಿನಿಂದ ಪೂರ್ವಕ್ಕೆ ಒಂದು ಹೊಸ ದಾರಿ ಹಾಕುವ ಕೆಲಸ ಶುರುವಾಗಿತ್ತು. ಅಂದರೆ ಸುಳ್ಳುಸುಳ್ಳೇ ಜಂಕ್ಷನ್ ಆಗಿದ್ದದ್ದು ಖರೇಖರೇ ಜಂಕ್ಷನ್ ಆಗಲಿತ್ತು. ಅಂಗಳ ಅಗಲಿಸಬೇಕು, ಅದಕ್ಕೆ ಅಡ್ಡ ಬರುವ ಹಳೆಯ ಕಟ್ಟಡಗಳನ್ನು ಅಳೆದು ನಕಾಶೆ ಮಾಡಿ, ಕೆಡವಬೇಕಾದದ್ದರ ಮೇಲೆ ಕೆಂಪು ಬಣ್ಣದ ಗುರುತು ಹಾಕಬೇಕು. ಅದು ನನ್ನ ಪಾಲಿನ ಕೆಲಸ. ಪಂಪ್ ಮನೆಗೆ ಗುರುತು ಹಾಕಿದೆ, ಉಗಿ ಬಂಡಿಗಳ ಕಾಲದ ನೀರಿನ ಕಂಬದ ಬುಡಕ್ಕೆ ಹಾಕಿದೆ. ಬ್ರಶ್ ಹಿಡಿದು ಬಾವಿಯ ಕಡೆಗೆ ತಿರುಗಿದಾಗ ಒಬ್ಬ ಮುದುಕಿ ಕೊಡ ಕೆಳಗಿಟ್ಟು ನನ್ನ ಮುಂದೆ ನಿಂತಳು.

“ಅದಕ ಕೆಂಪ ಹಚ್ಚಬ್ಯಾಡ ಯವ್ವಾ. ಅದು ದೇವರ ಬಾವಿ.”

ಕುರಿ ಕಾಯುವ ಮನೆತನದವಳು. ಸೊಂಟದಲ್ಲಿ ಭಂಡಾರದ ಚೀಲ. ಮಂಗಸೂಳಿ ಮಲ್ಲಯ್ಯನ ಭಕ್ತರು ಎರಚಿಕೊಳ್ಳುವ ಅರಿಶಿನ ಪುಡಿ ಅದರಲ್ಲಿ. ವಸ್ತಿಯವರೆಲ್ಲ ಅವಳನ್ನು ಆಯಿ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ.

“ಆಯಿ, ಇದು ರೈಲ್ವೆ ಬಾವಿ ಅಲ್ಲೇನ?” ಎಂದೆ.

“ಕಟ್ಟಿದವರು ರೈಲ್ವೆದವರ ಇರಬೇಕ. ನೀರು ಮಲ್ಲಯ್ಯಂದು. ಸುತ್ತ ಎಲ್ಲಾ ಸವಳ ಐತಿ. ನನ್ನ ಮಗ ಹೊಡಿಸಿದ ಬೋರಿನ ನೀರಾಗ ಸಂಜೀತನಕ ಕುದಿಸಿದ್ರೂ ಬ್ಯಾಳಿ ಬೇಯೂದಿಲ್ಲ. ಈ ನೀರಾಗ ಒಂದ ಕುದಿಗೆ ಒಡಿತೈತಿ. ನೀನ ಹೇಳ, ಇದು ಯಾರ ನೀರು?”

ಇದು ಹುರುಳಿಲ್ಲದ ಮಾತಲ್ಲ. ನಮ್ಮ ಕಡೆ ಕಬ್ಬಿಗೆ ನೀರು ಉಣಿಸಿ ಉಣಿಸಿ ಎಷ್ಟೋ ಹೊಲ ಸವಳು ಹಿಡಿದಿವೆ, ಬಿಳಿ ಹಿಟ್ಟು ಚೆಲ್ಲಿದ ಹಾಗೆ ಮೇಲೆ ಉಪ್ಪು ಏಳುತ್ತದೆ. ನನ್ನ ಚೀಲದಲ್ಲಿ ನೀರಿನ ಕ್ಷಾರ ನೋಡುವ ಸಣ್ಣ ಮೀಟರ್ ಇತ್ತು. ಬೋರಿನ ನೀರಿಗೆ ಅದ್ದಿದರೆ ಮುಳ್ಳು ಮೇಲೇರಿತು, ಬಾವಿಯ ನೀರಿಗೆ ಅದ್ದಿದರೆ ಏಳಲೇ ಇಲ್ಲ. ಎರಡರ ನಡುವೆ ಒಂದು ಹೊಲದಷ್ಟೂ ಅಂತರವಿಲ್ಲ. ಬ್ರಶ್ಶನ್ನು ಡಬ್ಬಿಯಲ್ಲಿ ಇಟ್ಟುಬಿಟ್ಟೆ.

ಆಮೇಲೆ ಆದದ್ದನ್ನು ಚುಟುಕಾಗಿ ಹೇಳುತ್ತೇನೆ. ವಸ್ತಿಯ ಹೆಂಗಸರು ಕೊಡಗಳನ್ನು ಸಾಲಾಗಿಟ್ಟು ಜೆಸಿಬಿಯ ಮುಂದೆ ಕುಳಿತರು. ಮೇಲಿನ ಸಾಹೇಬರೊಬ್ಬರು ಬಂದರು, ನೀರು ಕುಡಿದರು, ದೇವರ ಬಾವಿಯನ್ನು ಮುಚ್ಚಿಸಿ ಪಾಪ ಕಟ್ಟಿಕೊಳ್ಳುವವನು ನಾನಲ್ಲ ಎಂದರು. ಒಂದು ಹಳಿಯನ್ನು ತುಸು ಸರಿಸಿ, ಬಾವಿಗೆ ಕಟ್ಟೆ ಕಟ್ಟಿ ಮೇಲೆ ಕಬ್ಬಿಣದ ಜಾಳಿಗೆ ಹಾಕಿ ಉಳಿಸುವುದೆಂದು ಮಾತಾಯಿತು. ಹೆಂಗಸರು ಬಾವಿಗೆ ಉಡಿ ತುಂಬಿದರು. ಎಲ್ಲರೂ ಗೆದ್ದರು. ತಿದ್ದಿದ ನಕಾಶೆಗೆ ನಾನೊಂದು ಸಹಿ ಹಾಕಿದರೆ ನನ್ನ ಕೆಲಸವೂ ಮುಗಿಯುತ್ತಿತ್ತು.

ಹಾಕಲು ಕೈ ಬರಲಿಲ್ಲ. ಸವಳಿನ ನಡುವೆ ಸಿಹಿನೀರು ಸುಮ್ಮನೆ ಹುಟ್ಟುವುದಿಲ್ಲ. ಅದು ಎಲ್ಲಿಂದ ಬರುತ್ತದೆಂದು ತಿಳಿಯದೆ ಬಾವಿ ಉಳಿಯಿತೆಂದು ಹೇಗೆ ಬರೆಯುವುದು? ಹಳೆಯ ನಕಾಶೆ ಕೇಳಿದೆ, ಯಾರ ಹತ್ತಿರವೂ ಇರಲಿಲ್ಲ.

ಸ್ಟೇಷನ್ನಿನ ಪೂರ್ವಕ್ಕೆ ಜೈನ ರೈತರೊಬ್ಬರ ದ್ರಾಕ್ಷಿ ತೋಟವಿದೆ. ಅವರ ಮನೆಗೂ ಕುಡಿಯುವ ನೀರು ಇದೇ ಬಾವಿಯದು. ಒಂದು ಬೆಳಿಗ್ಗೆ ಅವರ ಅಂಗಳದಲ್ಲಿ ಚಹಾ ಕುಡಿಯುತ್ತಿದ್ದೆ. ಅವರ ಮನೆಯಲ್ಲಿ ಸೋಸದ ನೀರು ಕುಡಿಯುವುದಿಲ್ಲ. ಎಲ್ಲರೂ ಅಣ್ಣಾರು ಎನ್ನುವ ಆ ರೈತರು ಕೊಡದ ಬಾಯಿಗೆ ಇಮ್ಮಡಿ ಅರಿವೆ ಕಟ್ಟಿ ನೀರು ಸೋಸಿದರು. ಆಮೇಲೆ ಅರಿವೆಯಲ್ಲಿ ಉಳಿದ ಸೂಕ್ಷ್ಮ ಜೀವಗಳು ಸಾಯಬಾರದೆಂದು ಅದನ್ನು ಬಾವಿಗೇ ಒಯ್ದು ಜಾಲಾಡಿಸಿ ಬಂದರು. ತಂತಿಯ ಮೇಲೆ ಒಣಗಲು ಹಾಕಿದಾಗ ನೋಡಿದೆ. ಬಿಳಿ ಅರಿವೆಯ ನಡುವೆ ದುಂಡಗೆ ಹಳದಿ ಕಲೆ.

“ಅಣ್ಣಾರ, ಇದೇನ್ರಿ? ಪಲ್ಲೆದ ಕಲೀನ?”

“ಪಲ್ಲೆದ್ದಲ್ಲ ತಂಗಿ, ಮಲ್ಲಯ್ಯಂದು” ಎಂದು ನಕ್ಕರು. “ವರ್ಸಾ ಮಲ್ಲಯ್ಯನ ಹಬ್ಬ ಮುಗದ ಮ್ಯಾಲ ಒಂದೆರಡ ದಿನ ಬಾವಿ ನೀರು ಹಳದಿ ಸೋಸತೈತಿ. ನಮ್ಮಪ್ಪನ ಕಾಲದಾಗೂ ಹಿಂಗ ಇತ್ತು. ಆಯಿನ್ನ ಕೇಳ್ರಿ, ಛಲೋ ಹೇಳತಾಳ.”

ಕೇಳಿದೆ. ಆಯಿ ಸಂಕೋಚವೇ ಇಲ್ಲದೆ ಹೇಳಿದಳು. ಹಬ್ಬ ಮುಗಿಸಿಕೊಂಡು ಮಲ್ಲಯ್ಯ ಬಾವಿಯಲ್ಲಿರುವ ಗಂಗವ್ವನನ್ನು ನೋಡಲು ಬರುತ್ತಾನೆ, ಅವನ ಮೈಮೇಲಿನ ಭಂಡಾರ ನೀರಿಗೆ ಹತ್ತುತ್ತದೆ. “ನಾನು ಈ ವಸ್ತಿಗೆ ಸೊಸಿಯಾಗಿ ನಡ್ಯಾಕ ಬಂದಾಗಿಂದ ನೋಡೇನಿ. ಒಂದ ವರ್ಸನೂ ತಪ್ಪಿಸಿಲ್ಲ.”

ನನಗೆ ಆ ರಾತ್ರಿ ನಿದ್ದೆ ಸರಿಯಾಗಿ ಹತ್ತಲಿಲ್ಲ. ಮಂಗಸೂಳಿಗೆ ನಡೆದು ಹೋಗಿಬರುವ ಜನ ದಾರಿಯಲ್ಲಿರುವ ಹಳ್ಳದಲ್ಲಿ ಮೈ ತೊಳೆದು ಬಟ್ಟೆ ಸೆಳೆದುಕೊಳ್ಳುತ್ತಾರೆ. ಆ ಹಳ್ಳ ಬಾವಿಯಿಂದ ಬಹಳ ದೂರ. ಅಲ್ಲಿ ತೊಳೆದ ಭಂಡಾರ ಇಲ್ಲಿ ಸೋಸುವ ಅರಿವೆಗೆ ಹೇಗೆ ಬಂತು?

ಮರುದಿನ ಅಣ್ಣಾರ ತೋಟದ ಬದುವಿನ ಮೇಲೆ ಹಳ್ಳದ ಕಡೆಗೆ ನಡೆಯುತ್ತಿದ್ದೆ. ಎತ್ತಿನ ಬಂಡಿ ಹೋಗುವಷ್ಟು ಅಗಲದ ಬದು. ರೈತರು ಭೂಮಿ ಉಳಿಸಲು ಬದುವನ್ನು ವರ್ಷವರ್ಷ ಕೆತ್ತಿ ಸಣ್ಣದು ಮಾಡುವುದನ್ನು ಕಂಡಿದ್ದೇನೆ, ಇಷ್ಟು ಧಾರಾಳವಾಗಿ ಬಿಟ್ಟದ್ದನ್ನು ಕಂಡಿಲ್ಲ. ಸ್ವಲ್ಪ ದೂರ ಹೋದ ಮೇಲೆ ಅದು ಬಲಕ್ಕೆ ತಿರುಗಿತು. ಆ ತಿರುವು ನೋಡಿ ನಿಂತೆ.

ಹೊಲದ ಬದು ಮೂಲೆ ಮುರಿದು ತಿರುಗುತ್ತದೆ. ಇದು ಮೆಲ್ಲಗೆ ಬಾಗುತ್ತಿತ್ತು. ಅಳತೆಯ ಪಟ್ಟಿ ಹಿಡಿಯುವ ಸಹಾಯಕ, ನಾವೆಲ್ಲ ಮಾಮಾ ಎನ್ನುವವನನ್ನು ಕರೆದು, ಬದುವಿನ ಅಂಚಿನ ಎರಡು ಕಡೆ ಗೂಟ ಹೊಡೆದು ಹುರಿ ಬಿಗಿದೆ. ಹುರಿಯ ನಟ್ಟನಡುವಿನಿಂದ ಅಂಚಿನವರೆಗೆ ಎಷ್ಟು ಅಂತರವೆಂದು ಅಳೆದೆ. ಮುಂದೆ ಸರಿದು ಅಷ್ಟೇ ಉದ್ದದ ಹುರಿ ಬಿಗಿದು ಮತ್ತೆ ಅಳೆದೆ. ಮತ್ತೆ ಮುಂದೆ. ಮಳೆಗೆ ಅಂಚು ಜರಿದದ್ದನ್ನು ಬಿಟ್ಟರೆ ಎಲ್ಲ ಕಡೆಗೂ ಅಂತರ ಒಂದೇ. ಹೀಗೆ ಒಂದೇ ಅಳತೆಯಲ್ಲಿ ಬಾಗುವುದು ರೈಲು ಹಳಿ ಮಾತ್ರ. ನಾನು ನಿಂತದ್ದು ಬದುವಿನ ಮೇಲಲ್ಲ, ಹಳಿ ಕಿತ್ತುಹೋದ ರೈಲುದಾರಿಯ ಮೇಲೆ. ಜಂಕ್ಷನ್ನಿನ ಎರಡನೆಯ ದಾರಿ ಸಿಕ್ಕಿತ್ತು.

ಮಾಮಾ ಹುರಿ ಸುತ್ತುತ್ತ, “ಸಿಕ್ಕಿದ್ದಕ ಏನ ಕೊಡತಾರ್ರಿ?” ಎಂದ. “ಏನೂ ಕೊಡೂದಿಲ್ಲ” ಎಂದೆ. ಸಂತೋಷಕ್ಕೆ ನನಗೆ ಹಸಿವೂ ಇರಲಿಲ್ಲ.

ದಾರಿ ಹೋಗಿ ಮುಟ್ಟಿದ್ದು ಹಳ್ಳಕ್ಕೆ. ಮರಳಿನ ನಡುವೆ ಕೆತ್ತಿದ ಕಲ್ಲಿನ ಒಂದು ತೊಟ್ಟಿ ಹೂತಿತ್ತು, ಮೇಲಿನ ಹಾಸುಗಲ್ಲು ಒಡೆದು ಅಂಗೈಯಗಲದ ಬಾಯಿ ಬಿದ್ದಿತ್ತು. ಹಳ್ಳದ ನೀರು ಅದರೊಳಗೆ ಸುಳಿ ತಿರುಗಿ ಇಳಿಯುತ್ತಿತ್ತು. ಉಗಿ ಬಂಡಿಗೆ ಸವಳು ನೀರು ಹಾಕಿದರೆ ಬಾಯ್ಲರಿನ ಒಳಗೆಲ್ಲ ಸುಣ್ಣ ಕಟ್ಟುತ್ತದೆ. ಹಾಗಾಗಿ ಅವರು ಈ ಸಿಹಿನೀರು ಹುಡುಕಿದ್ದಾರೆ. ಕಲ್ಲು, ಮರಳು, ಪೈಪು ಸಾಗಿಸಲು ಇಲ್ಲಿಯತನಕ ಒಂದು ಸಣ್ಣ ದಾರಿ ಎಳೆದಿದ್ದಾರೆ. ಅದರ ಬದಿಗೇ ಪೈಪು ಹೂತು ನೀರನ್ನು ಸ್ಟೇಷನ್ನಿಗೆ ಒಯ್ದಿದ್ದಾರೆ. ಹಾಗೆಂದು ನನ್ನ ಊಹೆ. ಬಾವಿಯಿಂದ ಹಳ್ಳದವರೆಗೆ ಏರುತಗ್ಗು ಅಳೆಯುವ ಲೆವೆಲ್ ಯಂತ್ರ ಹಿಡಿದು ಬಂದೆವು. ಹಳ್ಳದ ತಳ ಬಾವಿಯ ನೀರಿಗಿಂತ ಒಂದಾಳು ಮೇಲಿತ್ತು. ನೀರು ತಾನಾಗಿ ಇಳಿದು ಬರಲು ಅಷ್ಟು ಸಾಕು. ಉಗಿ ಬಂಡಿ ಹೋಯಿತು, ಪಂಪು ಹೋಯಿತು, ಆ ದಾರಿಯ ಹಳಿಯೂ ಹೋಯಿತು. ನೀರಿಗೆ ಯಾರೂ ಹೇಳಿರಲಿಲ್ಲ, ಅದು ಬರುತ್ತಲೇ ಇತ್ತು.

ಅಂದರೆ ಅದು ಬಾವಿಯೇ ಅಲ್ಲ, ನೀರು ತುಂಬುವ ತೊಟ್ಟಿ. ಹೊಸ ದಾರಿಯ ನಕಾಶೆಯನ್ನು ಬದುವಿನ ಮೇಲೆ ಹರಡಿ ನೋಡಿದೆ. ಹೊಸ ಮಣ್ಣಿನ ಒಡ್ಡು ಹಳೆಯ ದಾರಿಯನ್ನು ನಡುವೆ ಕತ್ತರಿಸುತ್ತಿತ್ತು. ಒಡ್ಡಿನ ಭಾರಕ್ಕೆ, ರೋಲರಿನ ನಡುಕಕ್ಕೆ ಕೆಳಗಿನ ಹಳೆಯ ಪೈಪು ಚೂರಾಗುವುದು ಖಚಿತ. ಉಡಿ ತುಂಬಿಸಿಕೊಂಡ ಬಾವಿ ಕಟ್ಟೆ ಜಾಳಿಗೆ ಸಮೇತ ಹಾಗೇ ಇರುತ್ತಿತ್ತು, ಒಳಗೆ ನೀರು ಇರುತ್ತಿರಲಿಲ್ಲ.

ಕಂತ್ರಾಟದಾರರ ಇಂಜಿನಿಯರ್ ನಿಪ್ಪಾಣಿ ಕಡೆಯವನು. ಮಾತಿಗೊಂದು ಮರಾಠಿ ಸೇರಿಸುವ ಸಂಭಾವಿತ. ಎಲ್ಲ ಕೇಳಿಸಿಕೊಂಡ.

“ಪೈಪ್ ಕಣ್ಣಿಲೆ ನೋಡೀರೇನ್ರಿ ಮ್ಯಾಡಮ್?”

“ಇಲ್ಲ.”

“ಮಗ ಕಸಂ? ಮತ್ತ ಹೆಂಗ್ರಿ? ನಾ ಏನಂತ ಬರೀಲಿ?”

ನ್ಯಾಯವೇ ಇತ್ತು. ಒಡ್ಡು ದಾಟುವ ಜಾಗದಲ್ಲಿ ಅಗೆದು ನೋಡಲು ಅವನೇ ಜೆಸಿಬಿ ಕೊಟ್ಟ. ನಾನು ಬದುವಿನ ಎಡಕ್ಕೆ ತೋರಿಸಿದೆ. ಮಧ್ಯಾಹ್ನದವರೆಗೆ ಅಗೆದರೂ ಕರಿಮಣ್ಣು ಬಿಟ್ಟು ಏನೂ ಬರಲಿಲ್ಲ. ಬಲಕ್ಕೆ ಅಗೆಯಲು ಹೋದಾಗ ಬಕೆಟ್ಟು ಅಣ್ಣಾರ ದ್ರಾಕ್ಷಿ ಮಂಟಪದ ಮೂಲೆಗಂಬಕ್ಕೆ ತಾಕಿ ಒಂದು ಸಾಲಿನ ತಂತಿಯೆಲ್ಲ ಸಡಿಲಾಯಿತು. ಗೊನೆ ಬಿಡುವ ಕಾಲ. ಅಣ್ಣಾರು ಬೈಯಲಿಲ್ಲ, ಸುಮ್ಮನೆ ತಂತಿ ಎತ್ತಿ ಹಿಡಿದು ನಿಂತರು. ಅವರು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅಗೆಯುವುದನ್ನು ಅಲ್ಲಿಗೇ ನಿಲ್ಲಿಸಿದೆವು.

ಸಂಜೆ ಇಂಜಿನಿಯರ್ ಪಕ್ಕಕ್ಕೆ ಕರೆದು ಮೆತ್ತಗೆ ಹೇಳಿದ. “ಒಂದ ಮಾತು ಹೇಳತೇನಿ, ತಪ್ಪ ತಿಳೀಬ್ಯಾಡ್ರಿ. ಸಾಹೇಬ್ರು ಬಾವಿ ಬಿಟ್ಟಿದ್ದು ದೇವರ ಬಾವಿ ಅಂತ. ರೈಲ್ವೆದ ನೀರಿನ ಟಾಕಿ ಅಂತ ನೀವ ಬರದ್ರ, ನಮ್ಮದ ಹಳೇ ಟಾಕಿ ತಗೀರಿ ಅಂದಬಿಡತಾರ. ಪೈಪಿನ್ಯಾಗ ನೀರ ಹರಿಯಾಕತ್ತೈತಿ ಅಂತ ಪುರಾವೆ ಇದ್ರ ಮಾತ್ ಬ್ಯಾರೆ. ಚಾಲೂ ಇರೂ ನೀರಿನ ದಾರಿಗಿ ಒಡ್ಡಿನ ಕೆಳಗ ಹಾದಿ ಕೊಡಲಿಕ್ಕ ಬೇಕು, ಅದು ಕಾಯ್ದೆ. ಪುರಾವೆ ಇಲ್ದ ಬರದ್ರ ಬಾವೀನೂ ಹೋಗತೈತಿ, ನೀರೂ ಹೋಗತೈತಿ.”

ಬರೆಯದೆ ಇದ್ದರೆ ಬಾವಿ ಉಳಿಯುತ್ತದೆ, ನೀರು ಸಾಯುತ್ತದೆ. ಬರೆದರೆ ಎರಡೂ ಉಳಿಯಬಹುದು, ಇಲ್ಲವೆ ಎರಡೂ ಹೋಗಬಹುದು. ನಾನು ಆ ನೀರು ಕುಡಿದು ಚಿಕ್ಕೋಡಿಗೆ ಹೋಗುವವಳು. ಇದನ್ನು ನನ್ನಷ್ಟಕ್ಕೇ ತೀರ್ಮಾನಿಸುವುದು ಸರಿ ಕಾಣಲಿಲ್ಲ. ಆಯಿಯ ಮನೆಗೆ ಹೋದೆ.

ಅವಳು ಕುರಿಮರಿಗೆ ಹಾಲು ಕುಡಿಸುತ್ತಿದ್ದಳು. ಹಳ್ಳ, ಪೈಪು, ಒಡ್ಡು ಎಲ್ಲ ಹೇಳಿದೆ. ಭಂಡಾರದ ಮಾತನ್ನೂ ಹೇಳಿದೆ: “ಹಳದಿ ಬರೂದು ಹಳ್ಳದಾಗ ಜನ ಜಳಕ ಮಾಡಿದ್ದು ಅಂತ ನನಗ ಅನಸತೈತಿ ಆಯಿ.”

ಅವಳ ಕೈ ನಿಂತಿತು. “ಅಂದ್ರ ನಾ ಇಷ್ಟ ವರ್ಸ ಕೈಮುಗದಿದ್ದು ಪೈಪಿಗೆ?”

ಅವಳು ಮರಿಯನ್ನು ಇಳಿಸಿ ಒಳಗೆ ಹೋದಳು. ಹೊರಗೆ ಬರಲಿಲ್ಲ. ಮರುದಿನ ಬಾವಿಯ ಹತ್ತಿರ ಎದುರಾದಾಗ ನನ್ನನ್ನು ನೋಡದ ಹಾಗೆ ಕೊಡ ಹೊತ್ತು ಹೋದಳು. ನನಗೆ ಬಹಳ ಕೆಟ್ಟದೆನಿಸಿತು. ಮುದುಕಿಯ ದೇವರನ್ನು ಕಸಿಯಲು ಲೆವೆಲ್ ಯಂತ್ರ ಹೊತ್ತು ಬಂದೆನೇ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಅದರ ಮರುದಿನ ಅವಳೇ ನಾನು ಕುಳಿತಿದ್ದ ಟೆಂಟಿನ ಮುಂದೆ ಬಂದು ನಿಂತಳು. ಸೊಂಟದ ಚೀಲ ಬಿಚ್ಚಿ ಕೈಯಲ್ಲಿ ಹಿಡಿದಿದ್ದಳು. ತುಂಬ ಭಂಡಾರವಿತ್ತು.

“ಏಳ. ನೀ ಅನ್ನೂದೂ ಬ್ಯಾಡ, ನಾ ಅನ್ನೂದೂ ಬ್ಯಾಡ. ಮಲ್ಲಯ್ಯನ್ನ ಕೇಳೂಣು. ಹಳ್ಳದಾಗ ಚೆಲ್ಲತೇನಿ. ಬಾವಿಗಿ ಬಂದ್ರ ನೀ ಬರಿ. ಬರಲಿಲ್ಲಂದ್ರ ಸುಮ್ಮ ಸಹಿ ಮಾಡಿ ನಿನ್ನ ಊರಿಗಿ ಹೋಗ.”

ಹಬ್ಬ ಮುಗಿದು ತಿಂಗಳಾಗಿತ್ತು. ಬಾವಿಯ ನೀರು ಎಂದೋ ತಿಳಿಯಾಗಿತ್ತು. ಅಣ್ಣಾರನ್ನು ಕೇಳಿದಾಗ ತಂತಿಯ ವಿಷಯ ಎತ್ತದೆ ಸೋಸುವ ಅರಿವೆಯನ್ನು ಬೆಳ್ಳಗೆ ಒಗೆದು ತಂದರು. ಇಂಜಿನಿಯರ್‌ನನ್ನೂ ಕರೆದು ಬಾವಿಯ ಹತ್ತಿರ ಕೂರಿಸಿದೆ, ಪುರಾವೆ ಅವನ ಕಣ್ಣಿಗೇ ಬೀಳಲಿ ಎಂದು. ಆಯಿ, ನಾನು, ಮಾಮಾ ಹಳ್ಳಕ್ಕೆ ನಡೆದೆವು. ಒಡೆದ ಹಾಸುಗಲ್ಲಿನ ಹತ್ತಿರ ಆಯಿ ಮೊಣಕಾಲೂರಿ ಕುಳಿತಳು. “ಯಳಕೋಟ, ಯಳಕೋಟ” ಎಂದು ಮಲ್ಲಯ್ಯನ ಜಯಘೋಷವನ್ನು ತುಟಿಯಲ್ಲೇ ಅಂದು ಹಿಡಿಹಿಡಿಯಾಗಿ ಭಂಡಾರ ಬಿಟ್ಟಳು. ಹಳದಿ ಸುಳಿ ತಿರುಗಿ ಕತ್ತಲೆಯ ಬಾಯಿಗೆ ಇಳಿಯಿತು. ಚೀಲ ಜಾಡಿಸಿದಳು, ತಿರುಗಿ ನೋಡದೆ ಹೊರಟಳು.

ಬಾವಿಯ ಸುತ್ತ ವಸ್ತಿಯೇ ನೆರೆದಿತ್ತು. ಹೆಂಗಸರು ನೀರು ಸೇದಿ ಸೇದಿ ಅಣ್ಣಾರ ಅರಿವೆಗೆ ಹಾಕುತ್ತಿದ್ದರು. ಬಿಳಿ. ಮತ್ತೆ ಬಿಳಿ. ನೀರು ಎಷ್ಟು ಹೊತ್ತಿಗೆ ಬರಬಹುದೆಂದು ಕಾಗದದ ಮೇಲೆ ಲೆಕ್ಕ ಹಾಕಿದ್ದೆ. ಆ ಹೊತ್ತು ದಾಟಿತು. ಒಬ್ಬಳು “ಬ್ಯಾಳಿ ಒಲಿ ಮ್ಯಾಲ ಐತ್ರೆವಾ” ಎಂದು ಎದ್ದು ಹೋದಳು. ಇಂಜಿನಿಯರ್ ಮೊಬೈಲ್ ನೋಡತೊಡಗಿದ. ಆಯಿ ಮಾತ್ರ ಕಟ್ಟೆಗೆ ಆತು ಕುಳಿತು ನೀರನ್ನೇ ನೋಡುತ್ತಿದ್ದಳು. ಅವಳು ಬರಲಿ ಎಂದು ಬೇಡುತ್ತಿದ್ದಾಳೋ ಬಾರದಿರಲಿ ಎಂದೋ ನನಗೆ ತಿಳಿಯಲಿಲ್ಲ. ನಾನಂತೂ ಬರಲಿ ಎಂದೇ ಬೇಡಿಕೊಂಡೆ, ಯಾರನ್ನು ಬೇಡಿಕೊಂಡೆನೋ ಗೊತ್ತಿಲ್ಲ.

ಹೊತ್ತು ಇಳಿಯುತ್ತಿತ್ತು. ಅಣ್ಣಾರಿಗೆ ಸೂರ್ಯ ಮುಳುಗುವುದರೊಳಗೆ ಊಟ ಮುಗಿಯಬೇಕು, ಮನೆಯಿಂದ ಕರೆ ಬಂದಿತ್ತು. “ಇದೊಂದ ಕೊಡ ಸೋಸಿ ಏಳತೇನಿ” ಎಂದರು. ಅರಿವೆ ಬಿಚ್ಚಿ ಬೆಳಕಿಗೆ ಹಿಡಿದರು. ಹಿಡಿದವರು ಹಾಗೇ ನಿಂತರು.

ನಡುವೆ ರೂಪಾಯಿಯಗಲದ ಹಳದಿ.

ಮುಂದಿನ ಕೊಡಕ್ಕೆ ಅಂಗೈಯಗಲವಾಯಿತು. ಇಂಜಿನಿಯರ್ ಮೊಬೈಲ್ ಜೇಬಿಗಿಟ್ಟು ಅರಿವೆಯನ್ನು ಮುಟ್ಟಿ, ಬೆರಳು ಮೂಸಿ ನೋಡಿದ. ಎಲ್ಲರೂ ಆಯಿಯ ಮುಖ ನೋಡುತ್ತಿದ್ದರು. ಆಯಿ ಸೆರಗಿನಿಂದ ಮೂಗು ಒರೆಸಿಕೊಂಡಳು.

“ಅಂದ್ರ ಇಷ್ಟ ವರ್ಸ ನಮ್ಮ ಮಲ್ಲಯ್ಯ ರೈಲ್ವೆ ದಾರಿ ಹಿಡದ ಬರತಿದ್ದ” ಎಂದಳು. “ಟಿಕೀಟ ಇಲ್ದ.”

ಮೊದಲು ನಕ್ಕದ್ದು ಅಣ್ಣಾರು. ಆಮೇಲೆ ಎಲ್ಲರೂ. ನಾನು ನಗುತ್ತ ನಗುತ್ತ ಅತ್ತುಬಿಟ್ಟೆ.

ನಕಾಶೆಯಲ್ಲಿ ‘ದೇವರ ಬಾವಿ’ ಎಂಬುದನ್ನು ಅಳಿಸಿ ‘ಬಳಕೆಯಲ್ಲಿರುವ ನೀರಿನ ದಾರಿ’ ಎಂದು ಬರೆದೆ, ಹಳ್ಳದಿಂದ ಬಾವಿಯವರೆಗೆ ನೀಲಿ ಗೆರೆ ಎಳೆದು ಸಹಿ ಹಾಕಿದೆ. ಸಾಕ್ಷಿ ಎಂದು ಇಂಜಿನಿಯರ್ ತಾನಾಗಿ ಸಹಿ ಹಾಕಿದ. ಮೇಲಿನಿಂದ ಉತ್ತರ ಬರಲು ತಡವಾಯಿತು. ಹಳೆಯ ಟಾಕಿ ಎಂದು ತೆಗೆಸುತ್ತಾರೆಂಬ ಸುದ್ದಿಯೂ ನಡುವೆ ಹಬ್ಬಿತು. ಆ ದಿನಗಳಲ್ಲಿ ವಸ್ತಿಯ ಕಡೆಗೆ ಮುಖ ಹಾಕಲು ನನಗೆ ಧೈರ್ಯವಿರಲಿಲ್ಲ. ಕೊನೆಗೆ ಒಪ್ಪಿಗೆ ಬಂತು. ಒಡ್ಡಿನ ಕೆಳಗೆ ಕಾಂಕ್ರೀಟಿನ ಮೋರಿ, ಅದರೊಳಗೆ ಹೊಸ ಪೈಪು. ಹಳೆಯ ಪೈಪಿಗೆ ಕೂಡಿಸಲು ಕೈಯಿಂದ ಅಗೆಸಿದಾಗ ಅದು ಸಿಕ್ಕಿತು. ಬದುವಿನ ಎಡಕ್ಕೂ ಇರಲಿಲ್ಲ, ಬಲಕ್ಕೂ ಇರಲಿಲ್ಲ, ನಟ್ಟನಡುವೆ ಹಳಿಯ ಕೆಳಗೇ ಹಾಕಿದ್ದರು. ಕೆಂಪು ಮಣ್ಣಿನ ಮೆರುಗು ಪೈಪು, ಕಿವಿ ಇಟ್ಟರೆ ನೀರಿನ ಸದ್ದು.

ಒಪ್ಪಿಗೆಯ ಜೊತೆಗೆ ಒಂದು ಷರತ್ತೂ ಇತ್ತು. ಕುಡಿಯುವ ನೀರಾದ್ದರಿಂದ ಹಳ್ಳದ ತೊಟ್ಟಿಯ ಒಡೆದ ಬಾಯಿ ಮುಚ್ಚಿ, ಮೇಲೆ ಕಲ್ಲಿನ ಕಡಿ ಮತ್ತು ಮರಳಿನ ಸೋಸು ಹಾಸಬೇಕು. ಇದರ ಅರ್ಥ ನನಗೆ ಗೊತ್ತಿತ್ತು. ಮರಳು ದಾಟಿ ನೀರು ಬರುತ್ತದೆ, ಭಂಡಾರ ಬರುವುದಿಲ್ಲ. ಮತ್ತೆ ಆಯಿಯ ಮನೆಗೆ ಹೋಗಿ ಇದನ್ನೂ ನಾನೇ ಹೇಳಬೇಕಾಯಿತು.

“ಒಂದ ಬೆರಳಿನಷ್ಟ ಸಂದಿ ಬಿಡಾಕ ಬರೂದಿಲ್ಲೇನ?” ಎಂದು ಕೇಳಿದಳು.

“ಬಿಡಬಹುದು ಆಯಿ. ಆದರ ಸಂದಿ ಇದ್ರ ಹೊಲಸೂ ಬರತೈತಿ.”

ಅಂಗಳದಲ್ಲಿ ಮೊಮ್ಮಕ್ಕಳು ಅದೇ ನೀರನ್ನು ತಂಬಿಗೆಯಿಂದ ಎತ್ತಿ ಕುಡಿಯುತ್ತಿದ್ದರು. ಅವಳು ಅವರನ್ನು ನೋಡಿದಳು. “ಮುಚ್ಚಸ” ಎಂದಳು.

ಒಡ್ಡು ಮೇಲೆದ್ದಿತು, ರೋಲರು ಓಡಾಡಿತು. ಬಾವಿಯ ನೀರು ಒಂದು ಬೆರಳೂ ಇಳಿಯಲಿಲ್ಲ. ನಾನು ಬೇರೆ ಕೆಲಸಕ್ಕೆ ಅಥಣಿಯ ಕಡೆ ಹೋದೆ. ಮುಂದಿನ ವರ್ಷ ಮಲ್ಲಯ್ಯನ ಹಬ್ಬ ಮುಗಿದ ಮರುದಿನ, ಯಾರೂ ಕರೆಯದಿದ್ದರೂ ಬಸ್ಸು ಹತ್ತಿ ಜಂಕ್ಷನ್ನಿಗೆ ಬಂದೆ. ಸರಿ ಮಾಡಿದೆನೋ ಇಲ್ಲವೋ ಎಂಬುದು ಒಳಗೆ ಮುಳ್ಳಿನಂತೆ ಚುಚ್ಚುತ್ತಿತ್ತು.

ಅಣ್ಣಾರು ಬಾವಿಯ ಹತ್ತಿರ ಇದ್ದರು. ಆಯಿಯೂ ಇದ್ದಳು. ಅವರು ನೀರು ಸೋಸಿ ಅರಿವೆಯನ್ನು ಅವಳ ಮುಂದೆ ಹರಡಿ ಹಿಡಿದರು. ಎಲ್ಲೂ ಒಂದು ಚುಕ್ಕೆಯಿಲ್ಲ. ಅಷ್ಟು ಬಿಳಿ ಅರಿವೆಯನ್ನು ನೋಡಿ ನಾನು ಯಾವತ್ತೂ ಅಷ್ಟು ಸಂಕಟಪಟ್ಟಿಲ್ಲ. ಆಯಿ ನನ್ನನ್ನು ನೋಡಿ, “ಬಂದಿ ಏನ ತಂಗಿ” ಎಂದಳು. ಆಮೇಲೆ ಸೊಂಟದ ಚೀಲ ಬಿಚ್ಚಿ, ಒಂದು ಚಿಟಿಕೆ ಭಂಡಾರ ತೆಗೆದು, ಜಾಳಿಗೆಯ ಸಂದಿಯಿಂದ ತಾನೇ ನೀರಿಗೆ ಬಿಟ್ಟಳು. ಅದು ಹರಡುವುದನ್ನು ನೋಡುತ್ತ ನಿಂತಳು.

“ಇಷ್ಟ ವರ್ಸ ತಾನಾಗಿ ಬರತಿದ್ದ” ಎಂದಳು. “ಅವಗೂ ವಯಸ್ಸಾತು. ಇನ್ನ ನಾವ ಕರಕೊಂಡ ಬರಬೇಕು.”